ಫ್ಲ್ಯಾಟ್ ಬೆಲೆ ದುಪ್ಪಟ್ಟಾಗಿದೆ, ನಿಜವಾಗಿ ಗಳಿಸಿದ್ದೆಷ್ಟು?

ಹಳೇಬೀಗ:
12 ವರ್ಷದ ಹಿಂದೆ ಒಂದು ಫ್ಲ್ಯಾಟ್ ತಗೊಂಡೆ. ಪೂರ್ತಿ ಕೈದುಡ್ಡು, ಸಾಲ ಇಲ್ಲ. ಲೆಕ್ಕಕ್ಕೆ ಸುಲಭ ಆಗಲಿ, ಕೊಂಡ ಬೆಲೆ 100 ಅಂತ ಇಟ್ಟುಕೊಳ್ಳಿ. ಈಗ ಬ್ರೋಕರ್ 200 ಅನ್ನುತ್ತಾರೆ. ಬಾಡಿಗೆ ವರ್ಷಕ್ಕೆ 6. ಅಂದರೆ ದುಡ್ಡು ಡಬಲ್, ಮೇಲೆ ಶೇಕಡಾ 6 ಬಾಡಿಗೆ. ಭಾಮೈದನ ಮುಂದೆ ಇದನ್ನು ಹೇಳಿದರೆ ನಕ್ಕುಬಿಟ್ಟ. "ಭಾವ, ಖರ್ಚೆಲ್ಲ ಎಲ್ಲಿ ಹೋಯ್ತು?" ಅಂದ. ಯಾರಾದರೂ ಸರಿಯಾದ ಲೆಕ್ಕ ಹೇಳ್ತೀರಾ?

ರೂಲ್‌ಪುಸ್ತಕ:
ನನ್ನ ಹತ್ತಿರ ಬಾಡಿಗೆಗೆ ಕೊಟ್ಟ ಎರಡು ಮನೆ ಇವೆ. ಆರು ವರ್ಷ ನಾನೂ ನಿಮ್ಮ ಥರಾನೇ ಬೀಗಿದ್ದೆ. ಆಮೇಲೆ ಒಂದು ರೂಲ್ಡ್ ಪುಸ್ತಕ ಇಟ್ಟೆ, ಪ್ಲಂಬರ್ ಬಂದು ಹೋದ ದಿನವೂ ಅದರಲ್ಲಿದೆ. ಬೀಗೋದು ಅಲ್ಲಿಗೆ ನಿಂತಿತು.

ಮೊದಲು ಡಬಲ್ ವಿಷಯ. ಅಂದಾಜಿಗೆ ಒಂದು ಸುಲಭ ಸೂತ್ರ ಇದೆ, 72ನ್ನು ಡಬಲ್ ಆಗೋಕೆ ಹಿಡಿದ ವರ್ಷಗಳಿಂದ ಭಾಗಿಸಿ. 12ಕ್ಕೆ 6 ಬಂತು. ಅಂದರೆ ಚಕ್ರಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಶೇಕಡಾ 6. ಆದರೆ ನೀವು ಹಾಕಿದ್ದು ಬರೀ 100 ಅಲ್ಲ, ಅಲ್ವಾ? ನೋಂದಣಿ, ಮರದ ಕೆಲಸ ಎಲ್ಲ ಸೇರಿ 110 ಆಯ್ತು ಅಂದುಕೊಳ್ಳಿ. ಮಾರುವಾಗ ಕಮಿಷನ್ನು ಅದು ಇದು ಅಂತ 4 ಹೋದರೆ ಕೈಗೆ 196. ಆಗ ಆ 6 ಶೇಕಡಾ 4.9ಕ್ಕೆ ಇಳಿಯುತ್ತೆ. ತೆರಿಗೆ ಇನ್ನೂ ಮುಟ್ಟಿಲ್ಲ.

ಬಾಡಿಗೆಯಲ್ಲಿ ತಪ್ಪು ಇನ್ನೂ ದೊಡ್ಡದು. 6ನ್ನು ನೀವು 100ರಿಂದ ಭಾಗಿಸಿದ್ದೀರಿ. ಆ 100 ಈಗ ಎಲ್ಲೂ ಇಲ್ಲ, ಮನೆಯಲ್ಲಿ ಕೂತಿರೋದು 200. ನನ್ನ ಒಂದು ಮನೆ ಕಳೆದ ವರ್ಷ ಎರಡು ತಿಂಗಳು ಖಾಲಿ ಬಿದ್ದಿತ್ತು. ನಿಮ್ಮದೂ ಹಾಗೇ ಆದರೆ 6 ಹೋಗಿ 5. ಮೇಂಟೆನೆನ್ಸ್, ಮನೆ ಕಂದಾಯ, ಬಣ್ಣ, ಕೆಟ್ಟ ಮೋಟಾರು ಅಂತ 1.5 ಕಳೆಯಿರಿ. ಉಳಿದಿದ್ದು 3.5. ಅದನ್ನು 200ರಿಂದ ಭಾಗಿಸಿದರೆ ಶೇಕಡಾ 1.75.

ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಎಕ್ಸೆಲ್ ತೆಗೀರಿ. ಒಂದು ಸಾಲಲ್ಲಿ ತಾರೀಕು, ಪಕ್ಕದಲ್ಲಿ ಮೊತ್ತ. ಕೈಯಿಂದ ಹೋಗಿದ್ದಕ್ಕೆ ಮೈನಸ್, ಬಂದಿದ್ದಕ್ಕೆ ಪ್ಲಸ್. ಕೊನೆಗೆ ಇವತ್ತು ಮಾರಿದರೆ ಸಿಗೋದು. ಆಮೇಲೆ ಎಕ್ಸ್‌ಐಆರ್‌ಆರ್ (XIRR) ಫಾರ್ಮುಲಾ ಹಾಕಿ, ವರ್ಷಕ್ಕೆ ಶೇಕಡಾ ಎಷ್ಟು ಗಳಿಸಿದಿರಿ ಅಂತ ಬರುತ್ತೆ. ದುಡ್ಡು ಯಾವಾಗ ಬಂತು, ಯಾವಾಗ ಹೋಯಿತು ಅನ್ನೋದನ್ನೂ ಅದು ಲೆಕ್ಕಕ್ಕೆ ತಗೊಳ್ಳುತ್ತೆ.

ಮೂಲೆಸೈಟು:
ಆ 200 ಅನ್ನೋದನ್ನು ಮೊದಲು ಅನುಮಾನದಿಂದ ನೋಡಿ ಸರ್. ಬ್ರೋಕರ್ ಹೇಳೋದು ಕೇಳೋ ಬೆಲೆ. ನಿಮ್ಮ ಕಟ್ಟಡದಲ್ಲೇ ಇತ್ತೀಚೆಗೆ ಮಾರಾಟ ಆದವರನ್ನು ವಿಚಾರಿಸಿ, ಎಷ್ಟು ದಿನ ಕಾದರು ಅಂತಲೂ ಕೇಳಿ. ನಮ್ಮ ಮನೆ "ನಾಳೆನೇ ಹೋಗುತ್ತೆ" ಅಂದಿದ್ದರು. ಏಳು ತಿಂಗಳು ಹಿಡೀತು.

ಕಂತುಗಾರ:
ಸಾಲ ಇಲ್ಲ ಅಂದಿದ್ದೀರಿ, ಬಚಾವ್. 20 ಸ್ವಂತದ್ದು, 80 ಸಾಲ ಹಾಕಿ ಕೊಂಡಾಗ ಬೆಲೆ ಶೇಕಡಾ 10 ಏರಿದರೆ ನಿಮ್ಮ 20 ಹೋಗಿ 30. ಇಳಿದರೆ 10. ಬಡ್ಡಿ ಬೇರೆ. ಅದಕ್ಕೇ ಸಾಲ ಇದ್ದವರ ಲಾಭವನ್ನು ನಿಮ್ಮದಕ್ಕೆ ಹೋಲಿಸಬೇಡಿ.

ಹಳೇಬೀಗ:
ಭಾನುವಾರ ಪೂರ್ತಿ ಇದೇ ಕೆಲಸ ಆಯ್ತು. ಹಳೇ ಬ್ಯಾಂಕ್ ಪಾಸ್‌ಬುಕ್ ತೆಗೆದು ಕೂತೆ. ಮೊದಮೊದಲು ಬಾಡಿಗೆ ಈಗಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಶೀಟಲ್ಲಿ ವರ್ಷಕ್ಕೆ ಶೇಕಡಾ 6.8 ಬಂತು, ಸಮಾಧಾನ ಆಯ್ತು. ಅಷ್ಟರಲ್ಲಿ ಹೆಂಡತಿ ಬಂದು "ಒಂಬತ್ತನೇ ವರ್ಷ ಬಚ್ಚಲು ಸೋರಿ ಕೆಳಗಿನ ಮನೆ ಗೋಡೆ ನೆಂದಿತ್ತಲ್ಲ, ಅದನ್ನ ಬರೆದ್ರಾ?" ಅಂದಳು. ಬರೆದಿರಲಿಲ್ಲ. ಆಗ ಟೈಲ್ಸ್ ಎಲ್ಲ ಕಿತ್ತು ಹಾಕಿಸಿದ್ದಕ್ಕೆ 3 ಹೋಗಿತ್ತು. ಸೇರಿಸಿದೆ, 6.6. ಬ್ರೋಕರ್ ಹೇಳಿದ 200 ಇನ್ನೂ ಹಾಗೇ ಇದೆ. ಈ ವಾರ ಮೂರನೇ ಮಹಡಿಯವರನ್ನು ಕೇಳ್ತೀನಿ, ಅವರು ಈಚೆಗೆ ಮಾರಿದ್ದಾರೆ. ಭಾಮೈದನಿಗೆ ಸದ್ಯಕ್ಕೆ ಏನೂ ಹೇಳಿಲ್ಲ.