ಧ್ಯಾನಕ್ಕೆ ಕೂತರೆ ಕಾಲು ಜೋಮು, ತಲೆಸುತ್ತು, ತೂಕಡಿಕೆ: ಎಲ್ಲಿ ತಪ್ಪುತ್ತಿದೆ?

ಹೊಸಬ:
ದಿನಾ 20 ನಿಮಿಷ ಉಸಿರು ಗಮನಿಸುವ ಧ್ಯಾನ ಶುರು ಮಾಡಿದ್ದೇನೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು. ಅರ್ಧ ದಾರಿಗೇ ಎಡಗಾಲು ಜೋಮು ಹಿಡಿಯುತ್ತದೆ, ಬೆನ್ನು ಗೂನಾಗುತ್ತದೆ. ಉಸಿರಿನ ಕಡೆ ಗಮನ ಕೊಟ್ಟರೆ ಅದು ತಾನಾಗಿ ಆಡುವುದೇ ಇಲ್ಲ, ನಾನೇ ಎಳೆದು ಬಿಡಬೇಕು. ತಲೆ ಸುತ್ತಿದಂತಾಗಿ ಬೆರಳ ತುದಿ ಜುಮುಜುಮು ಅನ್ನುತ್ತದೆ. ರಾತ್ರಿ ಕೂತರೆ ತೂಕಡಿಕೆ. ಇನ್ನೊಂದು: ಧ್ಯಾನ ಕೂಡಿಬಂದರೆ ಬಿಪಿ ಮಾತ್ರೆ ಬಿಡಬಹುದು ಅನ್ನುತ್ತಾರಲ್ಲ, ಹೌದೇ?

ನೆಟ್ಟಗೆ_ಕೂರಿ:
ಮೊದಲು ಕೂರುವುದನ್ನು ಸರಿಮಾಡಿಕೊಳ್ಳಿ. ಬರೀ ನೆಲದ ಮೇಲೆ ಕೂತಾಗ ಹೆಚ್ಚಿನವರ ಮಂಡಿ ಸೊಂಟಕ್ಕಿಂತ ಮೇಲೆ ನಿಲ್ಲುತ್ತದೆ. ಆಗ ಸೊಂಟ ಹಿಂದಕ್ಕೆ ವಾಲಿ ಬೆನ್ನು ಬಾಗುತ್ತದೆ. ಕಂಬಳಿಯನ್ನು ಗಟ್ಟಿಯಾಗಿ ಮಡಿಸಿ 10ರಿಂದ 15 ಸೆಂ.ಮೀ. ಎತ್ತರ ಮಾಡಿ, ಅದರ ಮುಂದಿನ ಅಂಚಿನಲ್ಲಿ ಕೂರಿ. ತೊಡೆಯೂ ಕಂಬಳಿಯ ಮೇಲೆ ಬಂದರೆ ಅಂಚು ಒತ್ತಿ ಮತ್ತೆ ಜೋಮೇ. ಮೆತ್ತನೆಯ ತಲೆದಿಂಬು ಬೇಡ, ಕುಸಿದುಹೋಗುತ್ತದೆ. ಮಂಡಿ ನೆಲಕ್ಕೆ ತಾಗದಿದ್ದರೆ ಕೆಳಗೆ ಟವೆಲ್ ಸುತ್ತಿಡಿ.

ಜೋಮು ಬರುವುದು ಮುಖ್ಯವಾಗಿ ನರ ಅದುಮಿಕೊಂಡಾಗ. ಒಂದು ಪಾದವನ್ನು ಇನ್ನೊಂದು ಕಾಲಿನ ಮೀನಖಂಡದ ಮೇಲೆ ಹೇರದೆ, ಎರಡನ್ನೂ ಒಂದರ ಮುಂದೊಂದು ನೆಲದ ಮೇಲಿಡಿ. ಬಂದರೂ ಹಲ್ಲುಕಚ್ಚಿ ಕೂರಬೇಡಿ, ಕಾಲು ಚಾಚಿ. ಸ್ಪರ್ಶ ಮರಳುವ ಮುಂಚೆ ಎದ್ದರೆ ಪಾದ ಹೊರಳಿ ಬೀಳುವ ಸಂಭವವಿದೆ. ಮಂಡಿಯೊಳಗೆ ಚುಚ್ಚಿದಂತಾದರೆ ಆ ಭಂಗಿಯನ್ನೇ ಬಿಡಿ. ಪದ್ಮಾಸನದ ಹಟವಂತೂ ಬೇಡ: ಸೊಂಟದ ಕೀಲು ತಿರುಗದಿದ್ದರೆ ಆ ತಿರುಚು ಮಂಡಿಗೆ ಬೀಳುತ್ತದೆ. ಕುರ್ಚಿ ಏನೂ ಕಡಿಮೆಯಲ್ಲ, ಪಾದ ಪೂರ್ತಿ ನೆಲಕ್ಕೆ ತಾಗಿರಲಿ.

ಉಸಿರೆಣಿಕೆ:
ಜುಮುಜುಮು ಅನ್ನುವುದನ್ನು ಕೆಲವರು 'ಶಕ್ತಿ ಏರುತ್ತಿದೆ' ಎಂದು ಸಂಭ್ರಮಿಸುತ್ತಾರೆ. ನೀವು ಹೇಳಿದ ಲಕ್ಷಣಗಳಿಗೆ ಸರಳ ಕಾರಣವಿದೆ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ, ತಲೆ ಸುತ್ತುತ್ತದೆ. ಹಾಗಾದಾಗ ಇನ್ನೂ ದೀರ್ಘವಾಗಿ ಎಳೆದರೆ ಹೆಚ್ಚಾಗುತ್ತದೆ. ಅಭ್ಯಾಸ ನಿಲ್ಲಿಸಿ, ಸಹಜ ಉಸಿರಾಟಕ್ಕೆ ಬನ್ನಿ. ಕೂರದೇ ಇದ್ದಾಗಲೂ ಹೀಗಾಗುತ್ತಿದ್ದರೆ ವೈದ್ಯರಿಗೆ ತೋರಿಸಿ.

ಮುಂದಿನ ಸಲ ಒಳಗೆ ಹೋಗುವ ಉಸಿರಿನ ತಂಟೆಗೇ ಹೋಗಬೇಡಿ. ಹೊರಬಂದ ಉಸಿರು ಮುಗಿಯುವಲ್ಲಿ ಮಾತ್ರ ಮನಸ್ಸಿನಲ್ಲೇ 'ಒಂದು' ಅನ್ನಿ, ಹೀಗೆ ಹತ್ತರವರೆಗೆ, ಮತ್ತೆ ಒಂದರಿಂದ. ಎಣಿಕೆ ಹದಿನಾಲ್ಕಕ್ಕೆ ಹೋಗಿದ್ದು ತಿಳಿದರೆ ಸುಮ್ಮನೆ ಒಂದಕ್ಕೆ ಬನ್ನಿ. ಆಗಲೂ ಉಸಿರು ಬಿಗಿಯಾದರೆ ಗಮನವನ್ನು ತೊಡೆಯ ಮೇಲಿರುವ ಅಂಗೈಗಳಿಗೋ ಸುತ್ತಲ ಶಬ್ದಕ್ಕೋ ಒಯ್ಯಿರಿ. ಧ್ಯಾನಕ್ಕೆ ಉಸಿರೇ ಬೇಕೆಂದೇನಿಲ್ಲ.

20 ನಿಮಿಷ ಆರಂಭಕ್ಕೆ ಜಾಸ್ತಿ. ಮೊದಲ ವಾರ 5 ನಿಮಿಷ ಸಾಕು, ಆಮೇಲೆ ವಾರಕ್ಕೆ ಎರಡೆರಡು ನಿಮಿಷ ಸೇರಿಸಿ. ಗಡಿಯಾರ ಇಣುಕುವ ಚಪಲ ಇದ್ದರೆ ಮೆಲ್ಲನೆಯ ದನಿಯ ಟೈಮರ್ ಇಡಿ.

ತೂಕಡಿಕೆಗೆ: ಊಟವಾಗಿ ಎರಡು ಗಂಟೆ ಬಿಟ್ಟು ಕೂರಿ, ಕಣ್ಣು ಅರೆ ತೆರೆದು ಒಂದು ಮೀಟರ್ ಮುಂದೆ ನೆಲ ನೋಡಿ. ಆದರೂ ತಲೆ ಜೋಲಿದರೆ ಎದ್ದು ಹದಿನೈದು ಹೆಜ್ಜೆಯ ದೂರದಲ್ಲಿ ನಿಧಾನ ಹೋಗಿ ಬನ್ನಿ, ಅಂಗಾಲು ನೆಲಕ್ಕೆ ತಾಗುವುದನ್ನು ಗಮನಿಸುತ್ತ. ನಿದ್ದೆಯೇ ಸಾಲದಿದ್ದರೆ ಮಲಗುವುದೇ ಮೇಲು.

ಅಳತೆಗೋಲು:
ಮಾತ್ರೆ ನೀವಾಗಿಯೇ ಬಿಡಬೇಡಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಹೇಳಿದ್ದು ಇಷ್ಟೇ: ಹೃದ್ರೋಗದ ಅಪಾಯ ತಗ್ಗಿಸಲು ರೂಢಿಯ ಚಿಕಿತ್ಸೆಯ ಜೊತೆಗೆ ಧ್ಯಾನವನ್ನು ಪರಿಗಣಿಸಬಹುದು. ಬದಲಿಗೆ ಎಂದಲ್ಲ. 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ 47 ಪ್ರಯೋಗಗಳ ವಿಮರ್ಶೆ ಬಂತು. ಆತಂಕ, ಖಿನ್ನತೆ, ನೋವಿನಲ್ಲಿ ಸಾಧಾರಣ ಮಟ್ಟದ ಸುಧಾರಣೆ ಕಂಡಿತ್ತು. ಔಷಧ, ವ್ಯಾಯಾಮಗಳಿಗಿಂತ ಮೇಲು ಎಂಬುದಕ್ಕೆ ಪುರಾವೆ ಸಿಕ್ಕಿರಲಿಲ್ಲ.

ಹಳೆಯ ಆಘಾತ, ಪ್ಯಾನಿಕ್ ಇರುವವರಿಗೆ ಕಣ್ಣುಮುಚ್ಚಿ ಒಳಗೆ ನೋಡುವುದೇ ಕಳವಳ ಹೆಚ್ಚಿಸಬಹುದು. ಅಂಥವರು ಕಣ್ಣು ತೆರೆದೇ ಕೂರಲಿ, ಕಳವಳ ಏರಿದರೆ ಏಳಲಿ.

ಹೊಸಬ:
ಕಂಬಳಿ, ಎಣಿಕೆ ಎರಡೂ ನೋಡುತ್ತೇನೆ. ಮನಸ್ಸು ಓಡಿದಾಗಲೆಲ್ಲ ಬಲವಂತವಾಗಿ ಎಳೆದು ತರಬೇಕೇ?

ಉಸಿರೆಣಿಕೆ:
ಬೇಡ. 'ಯೋಚನೆ' ಎಂದು ಒಮ್ಮೆ ಗುರುತಿಸಿ ಮುಂದಿನ ನಿಶ್ವಾಸಕ್ಕೆ ಬನ್ನಿ. ಹಣೆ, ದವಡೆ ಬಿಗಿದಿದ್ದರೆ ನೀವು ಎಳೆದಾಡುತ್ತಿದ್ದೀರಿ ಎಂದೇ ತಿಳಿಯಿರಿ. ಅದನ್ನು ಸಡಿಲಿಸಿದ ಮೇಲೆ ಎಣಿಕೆ ಶುರು ಮಾಡಿ.