ಸಹಾಯ ಬೇಕು: ಆರ್‌ಬಿಐ ವರದಿಯ ನೋಟು ಮತ್ತು ಯುಪಿಐ ಲೆಕ್ಕ ಹೇಗೆ ಓದೋದು?

ಎಲ್ಲರಿಗೂ ನಮಸ್ಕಾರ. ಅರ್ಥಶಾಸ್ತ್ರ ಓದಿದವರು, ಬ್ಯಾಂಕಿನಲ್ಲಿರುವವರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಆರ್‌ಬಿಐ ವಾರ್ಷಿಕ ವರದಿ ನೋಡ್ತಿದ್ದೇನೆ. 2024ರ ಮಾರ್ಚ್ ಕೊನೆಗೆ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯ ಸುಮಾರು 34.8 ಲಕ್ಷ ಕೋಟಿ ರೂಪಾಯಿ. 2023-24ರಲ್ಲಿ ಯುಪಿಐನಲ್ಲಿ ಹರಿದ ಹಣ ಸುಮಾರು 200 ಲಕ್ಷ ಕೋಟಿ. ಇವೆರಡನ್ನೂ ಪಕ್ಕಪಕ್ಕ ಇಟ್ಟು 'ನಗದಿನ ಕಾಲ ಮುಗೀತು' ಅನ್ನೋ ವಾಟ್ಸಾಪ್ ಫಾರ್ವರ್ಡ್‌ಗಳು ಜಾಸ್ತಿ ಆಗಿವೆ. ನನಗೇನೋ ಅದು ಸರಿ ಅನಿಸ್ತಿಲ್ಲ. ಒಂದು ಕೆರೆಯಲ್ಲಿ ನಿಂತ ನೀರು, ಇನ್ನೊಂದು ವರ್ಷವಿಡೀ ಕಾಲುವೆಯಲ್ಲಿ ಹರಿದದ್ದು, ಅಲ್ವಾ? ಒಂದು 500ರ ನೋಟು ತರಕಾರಿ ಅಂಗಡಿ, ಆಟೋ, ಹಾಲಿನ ಬೂತ್ ಅಂತ ಹತ್ತು ಕೈ ದಾಟಿದರೂ ವರದಿಯಲ್ಲಿ ಅದು ಒಂದೇ 500. ಯುಪಿಐ ಆದರೆ ಪ್ರತಿ ಸಲವೂ ಲೆಕ್ಕಕ್ಕೆ ಸೇರುತ್ತೆ. ಮಗಳಿಗೆ ಸುಮ್ನೆ ಕಳಿಸಿದ ದುಡ್ಡೂ ಅದರಲ್ಲೇ.

ಇನ್ನೊಂದು ಗೋಜಲು. ನೋಟು ರದ್ದಾದ ಮೇಲೆ, 2017ರ ಮಾರ್ಚ್‌ನಲ್ಲಿ ಚಲಾವಣೆಯಲ್ಲಿದ್ದದ್ದು ಸುಮಾರು 13.1 ಲಕ್ಷ ಕೋಟಿ. ಯುಪಿಐ ಇಷ್ಟು ಬೆಳೆದರೂ ನೋಟು ಎರಡೂವರೆ ಪಟ್ಟು ಆಗಿದೆ! ಇದರಲ್ಲಿ ಕೈಯಿಂದ ಕೈಗೆ ಓಡಾಡೋದೆಷ್ಟು, ಬೀರುವಿನಲ್ಲಿ ಮಲಗಿರೋದೆಷ್ಟು?

ನನ್ನ ಪ್ರಶ್ನೆ ಇಷ್ಟೇ: ವರ್ಷದ ನಗದು ವಹಿವಾಟನ್ನು ಅಂದಾಜು ಮಾಡೋಕೆ ಎಟಿಎಂನಿಂದ ತೆಗೆದ ಹಣದ ಲೆಕ್ಕ ಸಾಕಾ? ಅಥವಾ ಜಿಡಿಪಿಗೆ ಹೋಲಿಸಿ ನೋಡೋದೇ ವಾಸಿನಾ? ಯುಪಿಐನಲ್ಲಿ ಅಂಗಡಿಗೆ ಕೊಟ್ಟದ್ದನ್ನು ಮಾತ್ರ ತಗೋಬೇಕಾ? ಯಾವ ಕೋಷ್ಟಕದಿಂದ ಶುರು ಮಾಡಲಿ ಅಂತ ಹೇಳಿದರೂ ಸಾಕು.