ಅಮ್ಮನಿಗೆ ನಾಳೆ ಆಪರೇಷನ್: ಅಮೆರಿಕದ ಆಸ್ಪತ್ರೆಯಲ್ಲಿ ಏನೇನು ಕೇಳಬಹುದು?

ಪ್ರಶ್ನೆ: ಮೈಸೂರಿನಿಂದ ನ್ಯೂಜೆರ್ಸಿಗೆ ಬಂದಿರುವ ಅಮ್ಮ ನಿನ್ನೆ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ನಾಳೆ ಆಪರೇಷನ್. ಶುಗರ್ ಇದೆ, ಹಾರ್ಟಿಗೂ ಮಾತ್ರೆ ತಗೋತಾರೆ. ಇಂಗ್ಲಿಷ್ ಬರಲ್ಲ. ಬಂದು ಹೋಗುವವರಲ್ಲಿ ಯಾರು ಡಾಕ್ಟರ್, ಯಾರು ಅಲ್ಲ ಅಂತಾನೇ ಗೊತ್ತಾಗ್ತಿಲ್ಲ. ಜಾಸ್ತಿ ಕೇಳಿದರೆ ಬೇಸರ ಮಾಡಿಕೊಂಡು ಸರಿಯಾಗಿ ನೋಡದೇ ಹೋದರೆ ಅಂತ ಭಯ. ಗುಂಪಿನಲ್ಲಿ ನರ್ಸ್, ಡಾಕ್ಟರ್ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉತ್ತರ: ನಾನು ಸರ್ಜರಿ ವಾರ್ಡಿನ ನರ್ಸ್. ಮೊದಲು ಆ ಭಯ ಬಿಡಿ. ಮಂಚದ ಪಕ್ಕ ಪುಸ್ತಕ, ಪೆನ್ನು ಹಿಡಿದು ಮನೆಯವರು ಕೂತಿದ್ದರೆ ಔಷಧಿ ಕೊಡುವ ಮುಂಚೆ ನಾವೂ ಇನ್ನೊಂದು ಸಲ ನೋಡಿಕೊಳ್ಳುತ್ತೇವೆ. ಕೂಗಾಡುವವರ ಕಥೆ ಬೇರೆ.

ಈ ರಾತ್ರಿಯೇ ಆಗಬೇಕಾದದ್ದು ಮಾತ್ರೆಗಳ ಪಟ್ಟಿ. ಊರಿನ ಬ್ರ್ಯಾಂಡ್ ಹೆಸರು ಇಲ್ಲಿನ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ಇಕೋಸ್ಪ್ರಿನ್ ಎವಿ ಅಂದರೆ ಆಸ್ಪಿರಿನ್ ಮತ್ತು ಅಟೋರ್ವಾಸ್ಟಾಟಿನ್. ಕ್ಲೋಪಿಟ್ಯಾಬ್-ಎ ಅಂದರೆ ಕ್ಲೋಪಿಡೋಗ್ರೆಲ್ ಮತ್ತು ಆಸ್ಪಿರಿನ್. ಬೆನ್ನಿಗೆ ಅರಿವಳಿಕೆ ಚುಚ್ಚುವ ಮುಂಚೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ ಕ್ಲೋಪಿಡೋಗ್ರೆಲ್ ವಿಷಯ ಗೊತ್ತಿರಲೇಬೇಕು. ಗ್ಲೈಕೋಮೆಟ್ ಜಿಪಿಯಲ್ಲಿ ಗ್ಲಿಮೆಪಿರೈಡ್ ಇದೆ, ಖಾಲಿ ಹೊಟ್ಟೆಯಲ್ಲಿ ಶುಗರ್ ಕೆಳಗಿಳಿಸಬಹುದು. ಸ್ಟ್ರಿಪ್‌ಗಳ ಹಿಂಭಾಗದ ಫೋಟೋ ತೆಗೆದು ತೋರಿಸಿ, ಕೊನೆಯ ಮಾತ್ರೆ ಯಾವಾಗ ನುಂಗಿದರು ಎಂಬುದನ್ನೂ ಬರೆದುಕೊಡಿ. ಆಯುರ್ವೇದದ ಗುಳಿಗೆ, ಲೇಹ್ಯ ಇದ್ದರೆ ಮುಚ್ಚಿಡಬೇಡಿ. ಆಮೇಲೆ ನೋವಿಗೆ ಅಂತ ಬ್ಯಾಗಿನಿಂದ ಡೋಲೋ 650 ತೆಗೆದು ಕೊಡಬೇಡಿ. ಇಲ್ಲಿನ ಟೈಲೆನಾಲ್ ಅದೇ ಪ್ಯಾರಾಸಿಟಮಾಲ್, ಪರ್ಕೊಸೆಟ್‌ನಂಥ ನೋವಿನ ಮಾತ್ರೆಯಲ್ಲೂ ಅದು ಸೇರಿರುತ್ತದೆ. ಎಲ್ಲ ಕೂಡಿ ದಿನಕ್ಕೆ 4 ಗ್ರಾಂ ದಾಟಿದರೆ ಲಿವರಿಗೆ ಪೆಟ್ಟು.

ಆಸ್ಪತ್ರೆಯವರು ಅಮ್ಮನ ಕೈಗೆ ಕಟ್ಟಿದ ಹೆಸರಿನ ಪಟ್ಟಿ ಓದಿ ನೋಡಿ. ನಮ್ಮವರ ಹೆಸರು ಇಲ್ಲಿ ಪಡುವ ಪಾಡು ನಿಮಗೂ ಗೊತ್ತು: ಒಂದು ಕಡೆ ಇನಿಷಿಯಲ್ ಸರ್‌ನೇಮ್ ಆಗಿರುತ್ತದೆ, ಇನ್ನೊಂದು ಕಡೆ ವೀಸಾದ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಗುರುತು) ಮೊದಲ ಹೆಸರಾಗಿ ಕೂತಿರುತ್ತದೆ. ಹೀಗೆ ಒಬ್ಬರಿಗೇ ಎರಡು ಫೈಲ್ ಹುಟ್ಟಿಕೊಂಡರೆ, ಅಲರ್ಜಿ ಒಂದರಲ್ಲಿ, ಔಷಧಿ ಇನ್ನೊಂದರಲ್ಲಿ. ಹುಟ್ಟಿದ ತಾರೀಖೂ ಅಷ್ಟೇ. 05/08 ಅಂತ ನೀವು ಬರೆದದ್ದು ಆಗಸ್ಟ್ 5 ಇರಬಹುದು, ಇಲ್ಲಿ ಓದುವುದು ಮೇ 8.

ನಾಳೆ ಬೆಳಿಗ್ಗೆ, ಅಮ್ಮ ಎಚ್ಚರವಿರುವಾಗಲೇ ಆಪರೇಷನ್ ಆಗುವ ಕಡೆಯ ಸೊಂಟದ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ, ಸಾಮಾನ್ಯವಾಗಿ ಸರ್ಜನ್‌ರ ಇನಿಷಿಯಲ್. 2004ರಿಂದ, ಆಸ್ಪತ್ರೆಗಳ ಗುಣಮಟ್ಟ ಪರೀಕ್ಷಿಸುವ ಜಾಯಿಂಟ್ ಕಮಿಷನ್ ಸಂಸ್ಥೆಯ ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ ಇದು ಕಡ್ಡಾಯ. ಸರಿಯಾದ ಕಾಲೇನಾ ಅಂತ ನೀವೂ ಒಮ್ಮೆ ಕಣ್ಣು ಹಾಯಿಸಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್. ಅಮ್ಮನಿಗೆ ನಾನೇ ಎಲ್ಲ ಕನ್ನಡದಲ್ಲಿ ಹೇಳ್ತಿದ್ದೇನೆ, ಸಾಕಲ್ವಾ?

ಉತ್ತರ: ಊಟ, ನೀರಿಗೆ ಸಾಕು. ಒಪ್ಪಿಗೆ ಪತ್ರಕ್ಕೆ ಸಾಲದು. ಅಪಾಯದ ಮಾತು ಬಂದಾಗ ಮಕ್ಕಳು ಅರ್ಧ ನುಂಗಿಯೇ ಹೇಳುವುದು, ಅಮ್ಮಂದಿರೂ ಮೂತ್ರದ ತೊಂದರೆಯನ್ನು ಮಗನ ಮುಂದೆ ಬಾಯಿಬಿಡುವುದಿಲ್ಲ. ಫೆಡರಲ್ ಹಣ ಪಡೆಯುವ ಆಸ್ಪತ್ರೆ ದುಭಾಷಿಯನ್ನು ಪುಕ್ಕಟೆಯಾಗಿ ಒದಗಿಸಬೇಕು. 1964ರ ನಾಗರಿಕ ಹಕ್ಕು ಕಾಯ್ದೆ, 2010ರ ಅಫರ್ಡಬಲ್ ಕೇರ್ ಆ್ಯಕ್ಟ್ ಎರಡರ ಬಲವೂ ಅದಕ್ಕಿದೆ. ಫೋನಿನಲ್ಲಾದರೂ ಸಿಗುತ್ತಾರೆ. ‘ಕನ್ನಡ’ ಅಂತ ಬಿಡಿಸಿ ಹೇಳಿ. ಬರೀ ಇಂಡಿಯಾ ಅಂದರೆ ಹಿಂದಿಯವರನ್ನು ಕರೆದುಬಿಡುತ್ತಾರೆ. ಅಮ್ಮನಿಗೆ ಮಾತಾಡಲಾಗದಿದ್ದರೆ ನಿರ್ಧಾರ ಯಾರದು ಎಂಬ ಹೆಲ್ತ್ ಕೇರ್ ಪ್ರಾಕ್ಸಿ ಕಾಗದಕ್ಕೂ ಅರಿವಳಿಕೆಗೆ ಮುಂಚೆಯೇ ಸಹಿ ಆಗಲಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ರಾತ್ರಿ ಹೊತ್ತು ರೋಗಿ ಸರಿಯಿಲ್ಲ ಅನ್ನಿಸಿದರೆ? ನಮ್ಮ ಮಾವನ ವಿಷಯದಲ್ಲಿ ‘ಡಾಕ್ಟರಿಗೆ ತಿಳಿಸಿದ್ದೇವೆ’ ಅನ್ನುತ್ತಲೇ ಬೆಳಗು ಮಾಡಿದರು.

ಉತ್ತರ: ನೀವು ಕೇಳಬೇಕಾದ ಪದ ‘ಅಟೆಂಡಿಂಗ್’, ಅಂದರೆ ಕೊನೆಯ ಹೊಣೆ ಹೊತ್ತ ಡಾಕ್ಟರ್. ರೆಸಿಡೆಂಟ್ ಇನ್ನೂ ತರಬೇತಿಯಲ್ಲಿರುವವರು. 2000ದಲ್ಲಿ ಸೌತ್ ಕೆರೊಲಿನಾದಲ್ಲಿ ಲೂಯಿಸ್ ಬ್ಲ್ಯಾಕ್‌ಮನ್ ಎಂಬ 15ರ ಹುಡುಗ ಎದೆಯ ಆಪರೇಷನ್ ಆದ ಕೆಲವೇ ದಿನಗಳಲ್ಲಿ ತೀರಿಕೊಂಡ. ನೋವಿಗೆ ಕೊಟ್ಟ ಕೆಟೋರೊಲ್ಯಾಕ್‌ನಿಂದ ಹೊಟ್ಟೆಯೊಳಗೆ ಹುಣ್ಣು ಒಡೆದಿತ್ತು. ತಾಯಿ ಹೆಲೆನ್ ಹ್ಯಾಸ್ಕೆಲ್ ಹಿರಿಯ ಡಾಕ್ಟರನ್ನು ಕರೆಸಿ ಅಂತ ಕೇಳಿದ್ದರು, ಬಂದವರು ರೆಸಿಡೆಂಟ್. ಆ ತಾಯಿ ಹೋರಾಡಿದ ಮೇಲೆ 2005ರಲ್ಲಿ ಆ ರಾಜ್ಯದಲ್ಲಿ ಮಗನ ಹೆಸರಿನಲ್ಲೇ ಕಾನೂನು ಬಂತು: ಬ್ಯಾಡ್ಜಿನಲ್ಲಿ ಯಾರು ಏನು ಎಂದು ಇರಬೇಕು, ಅಟೆಂಡಿಂಗ್‌ರನ್ನು ಕೇಳಿದರೆ ಸಂಪರ್ಕಿಸಿಕೊಡಬೇಕು. ಎಲ್ಲ ರಾಜ್ಯದಲ್ಲೂ ಇಂಥ ಕಾನೂನಿಲ್ಲ, ಕೇಳುವುದಕ್ಕೆ ಮಾತ್ರ ಎಲ್ಲೂ ಅಡ್ಡಿಯಿಲ್ಲ.

ನರ್ಸ್ ಓಗೊಡದಿದ್ದರೆ ಆ ಪಾಳಿಯ ನರ್ಸ್‌ಗಳ ಮುಖ್ಯಸ್ಥರಾದ ಚಾರ್ಜ್ ನರ್ಸ್, ಅವರೂ ಇಲ್ಲವೆಂದರೆ ಇಡೀ ಆಸ್ಪತ್ರೆಯ ಉಸ್ತುವಾರಿಯ ಹೌಸ್ ಸೂಪರ್‌ವೈಸರ್. ಕಾಯುವಷ್ಟು ಹೊತ್ತಿಲ್ಲ ಅನ್ನಿಸಿದರೆ, ತುರ್ತಾಗಿ ಮಂಚದ ಬಳಿಗೇ ಬರುವ ರ‍್ಯಾಪಿಡ್ ರೆಸ್ಪಾನ್ಸ್ ತಂಡ. ಅನೇಕ ಆಸ್ಪತ್ರೆಗಳಲ್ಲಿ ಮನೆಯವರೇ ಅದನ್ನು ಕರೆಯಬಹುದು. 2001ರಲ್ಲಿ ಜೋಸಿ ಕಿಂಗ್ ಎಂಬ 18 ತಿಂಗಳ ಮಗು ಜಾನ್ಸ್ ಹಾಪ್ಕಿನ್ಸ್‌ನಲ್ಲಿ ತೀರಿಕೊಂಡ ನಂತರ, 2005ರಲ್ಲಿ ಪಿಟ್ಸ್‌ಬರ್ಗ್‌ನ ಯುಪಿಎಂಸಿ ಶೇಡಿಸೈಡ್ ‘ಕಂಡಿಷನ್ ಎಚ್’ ಹೆಸರಿನಲ್ಲಿ ಆ ಅವಕಾಶ ಕೊಟ್ಟಿತು. ವಾರ್ಡಿಗೆ ಹೋದ ತಕ್ಷಣ ಆ ತಂಡವನ್ನು ಕರೆಯುವ ನಂಬರ್ ಕೇಳಿ ಬರೆದುಕೊಳ್ಳಿ. ಕರೆದಾಗ ‘ಗಾಬರಿಯಾಗ್ತಿದೆ’ ಅನ್ನಬೇಡಿ. ‘ಸಂಜೆ ನನ್ನ ಹೆಸರು ಹೇಳುತ್ತಿದ್ದರು, ಈಗ ಗುರುತೇ ಹಿಡಿಯುತ್ತಿಲ್ಲ’ ಅನ್ನಿ. ನೋವನ್ನೂ ಹೀಗೇ ಹೇಳಬೇಕು. ಹತ್ತರಲ್ಲಿ ಎಷ್ಟು ಎಂದರೆ ನಮ್ಮ ಹಿರಿಯರು ಎರಡು ಅನ್ನುತ್ತಾರೆ, ಮಗ್ಗುಲು ತಿರುಗಲೂ ಆಗುತ್ತಿರುವುದಿಲ್ಲ.

ಪ್ರಶ್ನೆ: ರಿಪೋರ್ಟ್, ಬಿಲ್ ಬಗ್ಗೆ ಒಂದು ಮಾತು?

ಉತ್ತರ: ರಿಪೋರ್ಟ್ ಅಮ್ಮನದೇ. ಅವರು ಒಪ್ಪಿದರೆ ಆಸ್ಪತ್ರೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ನಿಮಗೂ ಪ್ರವೇಶ ಕೊಡುತ್ತಾರೆ. 2021ರಿಂದ ಫಲಿತಾಂಶಗಳು ತಡವಿಲ್ಲದೆ ಅಲ್ಲಿ ಬರಬೇಕೆಂಬ ನಿಯಮವಿದೆ, ಕೆಲವೊಮ್ಮೆ ಡಾಕ್ಟರಿಗಿಂತ ಮೊದಲು ನೀವೇ ನೋಡುತ್ತೀರಿ. ಮನೆಗೆ ಕಳಿಸುವ ಮುಂಚೆ ರಕ್ತ ಹೆಪ್ಪುಗಟ್ಟದಂತೆ ಯಾವ ಔಷಧಿ, ಎಷ್ಟು ದಿನ ಅಂತ ಕೇಳದೆ ಹೊರಡಬೇಡಿ. ಸೊಂಟದ ಆಪರೇಷನ್ ಆದವರಿಗೆ ಇದು ಬಹಳ ಮುಖ್ಯ.

ಬಿಲ್ ಬಂದ ಕೂಡಲೇ ಕಾರ್ಡ್ ಉಜ್ಜಬೇಡಿ. ಮೊದಲು ಐಟಮೈಸ್ಡ್ ಬಿಲ್, ಅಂದರೆ ಒಂದೊಂದು ಖರ್ಚನ್ನೂ ಬಿಡಿಬಿಡಿಯಾಗಿ ತೋರಿಸುವ ಬಿಲ್ ತರಿಸಿ, ವಿಸಿಟರ್ ಇನ್ಶೂರೆನ್ಸಿಗೆ ಕಳಿಸಿ. ಲಾಭರಹಿತ ಆಸ್ಪತ್ರೆಯಾದರೆ ಬಿಲ್ ರಿಯಾಯಿತಿಗೆ ಲಿಖಿತ ನಿಯಮ ಇರಲೇಬೇಕು. ಬಿಡುಗಡೆಯ ನಂತರದ ಮೊದಲ ಬಿಲ್‌ನಿಂದ 240 ದಿನದವರೆಗೆ ಅರ್ಜಿ ತೆಗೆದುಕೊಳ್ಳಬೇಕು. ಪ್ರವಾಸಕ್ಕೆ ಬಂದವರಿಗೆ ಅನ್ವಯಿಸುತ್ತದೋ ಇಲ್ಲವೋ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ರೀತಿ, ಹಾಗಾಗಿ ಫೈನಾನ್ಷಿಯಲ್ ಕೌನ್ಸೆಲರ್‌ರನ್ನು ಅಮ್ಮ ಇನ್ನೂ ವಾರ್ಡಿನಲ್ಲಿರುವಾಗಲೇ ಭೇಟಿ ಮಾಡಿ.